ಟ್ಯಾರೋದಲ್ಲಿ ಟೂ ಆಫ್ ಸ್ವೋರ್ಡ್ಸ್ (ಎರಡು ಕತ್ತಿಯ ಎಲೆ) ಬಂದರೆ ಬರೀ "ಗೊಂದಲ" ಅಂತ ಓದಿದರೆ ಸಾಕೇ?

ಹೊಸಎಲೆ
ಅಭ್ಯಾಸಕ್ಕೆ ಹಾಕಿದ ಮೂರು ಕಾರ್ಡಿನ ಸಾಲು ಇದು. ಕೇಳಿದವರು ಬೆಂಗಳೂರಿನಲ್ಲಿದ್ದಾರೆ. ಪ್ರಶ್ನೆ: "ಊರಿನ ಹಳೇ ಮನೆ ಮಾರಿಬಿಡುವುದೋ, ಇಟ್ಟುಕೊಂಡು ಬಾಡಿಗೆಗೆ ಕೊಡುವುದೋ?" ಎಡದಿಂದ ಬಂದದ್ದು ಸಿಕ್ಸ್ ಆಫ್ ಕಪ್ಸ್, ಟೂ ಆಫ್ ಸ್ವೋರ್ಡ್ಸ್, ಫೋರ್ ಆಫ್ ಪೆಂಟಕಲ್ಸ್. ರೈಡರ್ ವೇಯ್ಟ್ ಡೆಕ್ (ಎಲೆಗಳ ಕಟ್ಟು), ಮೂರೂ ನೆಟ್ಟಗೆ ಬಂದಿವೆ. ನಡುವಿನ ಕಾರ್ಡಿಗೆ ಎಲ್ಲಿ ನೋಡಿದರೂ "ಗೊಂದಲ, ಕಷ್ಟದ ಆಯ್ಕೆ" ಅಂತಲೇ ಇದೆ. ಅಷ್ಟನ್ನೇ ಹೇಳಿದರೆ "ಅದು ನನಗೂ ಗೊತ್ತಲ್ಲ" ಅಂತಾರೆ. ಮಾರಿ ಅನ್ನುತ್ತಿದೆಯೋ, ಬೇಡ ಅನ್ನುತ್ತಿದೆಯೋ?

ಶರಾವತಿ ದಡ
ಎರಡೂ ಅನ್ನುತ್ತಿಲ್ಲ. ಅರ್ಥದ ಪಟ್ಟಿ ಪಕ್ಕಕ್ಕಿಟ್ಟು ಮೊದಲು ಚಿತ್ರ ನೋಡಿ. 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಈ ಡೆಕ್ಕಿಗೆ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರದಲ್ಲಿ ಹೆಂಗಸೊಬ್ಬಳು ಕಲ್ಲಿನ ಪೀಠದ ಮೇಲೆ ನಮ್ಮ ಕಡೆ ಮುಖ ಮಾಡಿ ಕೂತಿದ್ದಾಳೆ. ಕಣ್ಣಿಗೆ ಬಟ್ಟೆ. ಎರಡೂ ಕೈ ಎದೆಯ ಮೇಲೆ ಕತ್ತರಿಯಾಗಿ ಬಂದಿವೆ, ಕೈಗೊಂದು ಉದ್ದದ ಕತ್ತಿ, ಎರಡೂ ಹೆಗಲ ಮೇಲಿಂದ ಹಾದು ಮೇಲಕ್ಕೆ ಚಾಚಿವೆ. ಬೆನ್ನ ಹಿಂದೆ ಸಮುದ್ರ, ನೀರಿನಿಂದ ಮೇಲೆದ್ದ ಬಂಡೆಗಳು, ಮೇಲೆ ಬಿದಿಗೆ ಚಂದ್ರ.

ಈಗ ಏನಿಲ್ಲ ಅಂತ ನೋಡಿ. ಹಗ್ಗ ಇಲ್ಲ. ಏಯ್ಟ್ ಆಫ್ ಸ್ವೋರ್ಡ್ಸ್ ಪಕ್ಕಕ್ಕಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: ಅಲ್ಲೂ ಕಣ್ಣಿಗೆ ಪಟ್ಟಿ, ಆದರೆ ಮೈಗೆಲ್ಲ ಕಟ್ಟು, ಸುತ್ತ ಕತ್ತಿಗಳ ಬೇಲಿ. ಇಲ್ಲಿ ಅವಳನ್ನು ಯಾರೂ ಕಟ್ಟಿಲ್ಲ. ಪಟ್ಟಿ ಬಿಚ್ಚಬಹುದು, ಬಿಚ್ಚೋದಕ್ಕೆ ಒಂದು ಕೈ ಬೇಕು, ಕೈ ಬೇಕಾದರೆ ಒಂದು ಕತ್ತಿ ಕೆಳಗಿಡಬೇಕು. ಕತ್ತಿ ಇಡೋಕೆ ಮೊದಲು ಕಣ್ಣು ಬಿಟ್ಟು ನೋಡಬೇಕು ಅನ್ನಿಸುತ್ತದೆ. ಸಿಕ್ಕಿಹಾಕಿಕೊಂಡಿರೋದು ಅಲ್ಲಿ.

ಹಾಗಾಗಿ "ಯಾವ ಕತ್ತಿ?" ಅಂತ ಕೇಳಿದರೆ ಈ ಕಾರ್ಡ್ ಬಾಯಿ ಬಿಡುವುದಿಲ್ಲ. "ಪಟ್ಟಿ ಯಾವುದು?" ಅಂತ ಕೇಳಿ. ಏನನ್ನು ನೋಡದೆ ಇರೋದರಿಂದ ಎರಡೂ ಕಡೆ ಸಮತೂಕವಾಗಿ ಕಾಣುತ್ತಿದೆ?

ಬಯಲುಸೀಮಿ
ಅದಕ್ಕ ಒಂದು ಸೇರಸ್ತೀನ್ರಿ. ಪಟ್ಟಿ ಆಕಿನ ಕಟ್ಕೊಂಡಾಳ ಅಂತನ ಓದೋದು ರೂಢಿ. ಕೇಳಿದವ್ರಿಗೆ "ಯಾರೋ ನಿಮಗ ಅಡ್ಡ ಬಂದಾರ, ದೃಷ್ಟಿ ಆಗೇದ" ಅಂತ ಹೇಳಬ್ಯಾಡ್ರಿ. ಈ ಕಾರ್ಡಿನ್ಯಾಗ ಎರಡನೇ ಮನುಷ್ಯಾನ ಇಲ್ಲ.

ಮಾರ್ಸೇ ಪ್ರಿಯ
"ಕಷ್ಟದ ಆಯ್ಕೆ" ಅನ್ನೋದೇ ಈ ಕಾರ್ಡಿನ ಮೂಲ ಅರ್ಥ ಅಂತ ಹಿಡಿದು ಕೂರಬೇಡಿ. ಈ ಡೆಕ್ ರೂಪಿಸಿದ ವೇಯ್ಟ್ ಕೊಟ್ಟ ಅರ್ಥ ಬೇರೆ: ಹೊಂದಾಣಿಕೆ, ಸಮತೋಲ, ಧೈರ್ಯ, ಸ್ನೇಹ, ಆಯುಧ ಹಿಡಿದೇ ಇರುವ ಒಪ್ಪಂದ. ತಲೆಕೆಳಗಾದರೆ ಮೋಸ, ಸುಳ್ಳು, ಎರಡು ನಾಲಿಗೆ, ದ್ರೋಹ. ಅವರು ಪಳಗಿದ ಗೋಲ್ಡನ್ ಡಾನ್ ಎಂಬ ಗೂಢವಿದ್ಯೆಯ ಕೂಟದಲ್ಲಿ ಇದಕ್ಕಿದ್ದ ಬಿರುದು "ಮರಳಿ ಸ್ಥಾಪನೆಯಾದ ಶಾಂತಿಯ ಒಡೆಯ". ಅದೇ ಕೂಟದಲ್ಲಿದ್ದ ಕ್ರೌಲಿಯ ಥಾತ್ ಎಂಬ ಡೆಕ್ಕಿನಲ್ಲಿ ಕಾರ್ಡಿನ ಮೇಲೇ "ಶಾಂತಿ" ಅಂತ ಅಚ್ಚಾಗಿದೆ. ಫ್ರೀಡಾ ಹ್ಯಾರಿಸ್ ಬರೆದ ಆ ಚಿತ್ರದಲ್ಲಿ ಹೆಂಗಸೂ ಇಲ್ಲ, ಪಟ್ಟಿಯೂ ಇಲ್ಲ. ಒಂದನ್ನೊಂದು ದಾಟುವ ಎರಡು ಕತ್ತಿ, ಅವನ್ನು ಬೆಸೆಯುವ ಐದೆಸಳಿನ ನೀಲಿ ಗುಲಾಬಿ. ಆಯ್ಕೆ ಮಾಡಲಾಗದೆ ಕೂತವಳು ಅನ್ನೋ ಓದು ಸ್ಮಿತ್ ಬರೆದ ಚಿತ್ರವನ್ನು ನೋಡಿ ನೋಡಿ ಆಮೇಲಿನವರು ಬೆಳೆಸಿದ್ದು.

ಫ್ರಾನ್ಸಿನ ಹಳೆಯ ಮಾರ್ಸೇ ಡೆಕ್ಕಿನಲ್ಲಂತೂ ಎರಡು ಬಾಗಿದ ಕತ್ತಿ ಸೇರಿ ಒಂದು ಅಂಡಾಕಾರ, ಅದರೊಳಗೆ ಹೂವು, ಅಷ್ಟೇ. ಮೇಲೂ ಕೆಳಗೂ ಹೆಚ್ಚು ಕಡಿಮೆ ಒಂದೇ ಥರ, ರಿವರ್ಸ್ (ತಲೆಕೆಳಗು) ಗುರುತಿಸೋದೇ ತ್ರಾಸು. ಆ ಡೆಕ್ ಹಿಡಿದುಕೊಂಡು "ಕಣ್ಣಿಗೆ ಪಟ್ಟಿ ಇದೆ" ಅಂತ ಓದುವವರನ್ನು ಕಂಡರೆ ಏನು ಹೇಳಬೇಕೋ ತಿಳಿಯುವುದಿಲ್ಲ. ಯಾವ ಡೆಕ್ ಕೈಯಲ್ಲಿದೆಯೋ ಅದರ ಚಿತ್ರವನ್ನೇ ಓದಿ.

ಶರಾವತಿ ದಡ
ಒಪ್ಪಿದೆ. ಆದರೆ ಎರಡು ಓದುಗಳ ನಡುವೆ ಜಗಳ ಏನಿಲ್ಲ. ಆಯುಧ ಹಿಡಿದೇ ಇರುವ ಒಪ್ಪಂದ ಅಂದರೆ ಕದನವಿರಾಮ. ಸದ್ದಿಲ್ಲ, ತೀರ್ಮಾನವೂ ಇಲ್ಲ. ಅಕ್ಕಪಕ್ಕದ ನಂಬರ್ ನೋಡಿ. ಏಸ್‌ನಲ್ಲಿ ಒಂದೇ ಕತ್ತಿ, ವಿಚಾರ ಸ್ಪಷ್ಟ. ಥ್ರೀಯಲ್ಲಿ ಮೂರು ಕತ್ತಿ ಚುಚ್ಚಿದ ಹೃದಯ, ಹಿಂದೆ ಮಳೆ. ಟೂ ಅವೆರಡರ ನಡುವೆ ಇದೆ. ಕತ್ತಿ ಇಳಿಸಿದರೆ ಥ್ರೀಯ ನೋವು ಬರಬಹುದು ಅನ್ನೋ ಭಯಕ್ಕೇ ಇಲ್ಲಿ ಕೈ ಕಟ್ಟಿ ಕೂತಿರೋದು. ಆಮೇಲೆ ಈ ಶಾಂತಿ ಪುಕ್ಕಟೆಯದಲ್ಲ. ಎರಡು ಕತ್ತಿ ಎತ್ತಿ ಹಿಡಿದೇ ಇರಬೇಕು, ತೋಳು ಸೋಲುತ್ತದೆ. ತೀರ್ಮಾನ ಮುಂದೂಡುವುದಕ್ಕೆ ಎಷ್ಟು ಖರ್ಚಾಗುತ್ತಿದೆ ಅಂತ ಕೇಳಲು ಈ ಕಾರ್ಡ್ ಒಳ್ಳೆಯ ನೆಪ.

ಇನ್ನೊಂದು ಪದರ ಗ್ರಹದ್ದು. ಗೋಲ್ಡನ್ ಡಾನ್ ಲೆಕ್ಕದಲ್ಲಿ ಇದು ತುಲಾ ರಾಶಿಯ ಮೊದಲ 10 ಡಿಗ್ರಿ, ಅಧಿಪತಿ ಚಂದ್ರ. ಚಂದ್ರನ ಮೇಜರ್ ಕಾರ್ಡ್ (ಡೆಕ್ಕಿನ 22 ಮುಖ್ಯ ಎಲೆಗಳಲ್ಲೊಂದು) ಹೈ ಪ್ರೀಸ್ಟೆಸ್, ತುಲೆಯದು ಜಸ್ಟಿಸ್. ಒಳಗೆ ಗೊತ್ತಿದ್ದೂ ಹೇಳದೆ ಕೂತವಳು ಒಬ್ಬಳು, ತಕ್ಕಡಿ ಹಿಡಿದು ತೀರ್ಪು ಕೊಡೋಕೆ ಕೂತ ಆಕೃತಿ ಇನ್ನೊಂದು. ಇಬ್ಬರನ್ನೂ ಒಂದೇ ಪೀಠದ ಮೇಲೆ ಕೂರಿಸಿದರೆ ಟೂ ಆಫ್ ಸ್ವೋರ್ಡ್ಸ್. ತಮಾಷೆ ನೋಡಿ, ನ್ಯಾಯದೇವತೆ ಅಂದರೆ ನಮಗೆ ಕಣ್ಣಿನ ಪಟ್ಟಿಯೇ ನೆನಪಾಗೋದು. ಈ ಡೆಕ್ಕಿನ ಜಸ್ಟಿಸ್ ಕಣ್ಣು ಬಿಟ್ಟು ನೇರ ನಮ್ಮನ್ನೇ ನೋಡುತ್ತದೆ, ಪಟ್ಟಿ ಇರೋದು ಇವಳಿಗೆ.

ಅಂಕಿಸಂಕಿ
ಒಂದು ತಕರಾರು. ರೀಡಿಂಗ್ ಕೇಳಲು ಬರುವವರೆಲ್ಲ ಏನೋ ಒಂದು ತೀರ್ಮಾನ ಆಗದೆ ಬಂದವರೇ. "ನೀವು ದ್ವಂದ್ವದಲ್ಲಿದ್ದೀರಿ, ಎರಡು ದಾರಿ ಎದುರಿಗಿವೆ" ಅಂದರೆ ಯಾರಿಗೆ ತಾನೇ ಹೊಂದುವುದಿಲ್ಲ? 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 39 ವಿದ್ಯಾರ್ಥಿಗಳಿಗೆ ಅವರವರ ಸ್ವಭಾವದ ವಿವರ ಅಂತ ಹೇಳಿ ಎಲ್ಲರಿಗೂ ಒಂದೇ ಬರಹ ಕೊಟ್ಟ. ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಕೇಳಿದಾಗ ಬಂದ ಸರಾಸರಿ 4.26. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರೆ ಯಾವ ಕಾರ್ಡೂ ಸರಿಹೋಗುತ್ತದೆ.

ಶರಾವತಿ ದಡ
ತಕರಾರು ನ್ಯಾಯವಾದದ್ದೇ. "ನೀವು ದ್ವಂದ್ವದಲ್ಲಿದ್ದೀರಿ" ಅನ್ನೋದು ಓದೇ ಅಲ್ಲ, ಅವರು ಕೇಳಿದ ಪ್ರಶ್ನೆಯನ್ನೇ ವಾಪಸ್ ಕೊಟ್ಟ ಹಾಗೆ. ಒಂದು ಪರೀಕ್ಷೆ ಇಟ್ಟುಕೊಳ್ಳಿ: ನೀವು ಹೇಳಿದ ಮಾತಿಗೆ ಕೇಳಿದವರು "ಇಲ್ಲ, ಅದು ಆಗಲೇ ಮುಗಿದಿದೆ" ಅಂತ ಉತ್ತರಿಸಲು ಜಾಗ ಇದೆಯೇ? ಇದ್ದರೆ ಆ ಮಾತಿಗೆ ಬೆಲೆ.

ಹೊಸಎಲೆ ಅವರ ಸಾಲನ್ನೇ ತಗೊಳ್ಳೋಣ. ಧಾತುಗಳ ಲೆಕ್ಕದಲ್ಲಿ ಸ್ವೋರ್ಡ್ಸ್ ಗಾಳಿ, ಕಪ್ಸ್ ನೀರು, ಪೆಂಟಕಲ್ಸ್ ಭೂಮಿ. ಗಾಳಿಗೆ ನೀರೂ ಬೆಂಕಿಯೂ ಸ್ನೇಹ, ಭೂಮಿ ವಿರೋಧ. ನೀರಿಗೂ ಭೂಮಿಗೂ ಪರಸ್ಪರ ಸ್ನೇಹ. ಅಂದರೆ ಇಲ್ಲಿ ಎಡದ ಕಾರ್ಡೂ ಬಲದ ಕಾರ್ಡೂ ಒಂದಕ್ಕೊಂದು ಕೈಜೋಡಿಸಿವೆ. ಸಿಕ್ಸ್ ಆಫ್ ಕಪ್ಸ್‌ನಲ್ಲಿ ಹಳೆಯ ಮನೆಯಂಗಳ, ಹೂವು ತುಂಬಿದ ಬಟ್ಟಲು ಕೊಡುವ ಹುಡುಗ, ಅಂದರೆ ಬಾಲ್ಯದ ನೆನಪು. ಫೋರ್ ಆಫ್ ಪೆಂಟಕಲ್ಸ್‌ನಲ್ಲಿ ನಾಣ್ಯ ಎದೆಗವಚಿಕೊಂಡು, ಇನ್ನೆರಡನ್ನು ಕಾಲಡಿ ಇಟ್ಟುಕೊಂಡು ಕೂತವನು, ಅಂದರೆ ಆಸ್ತಿ ಕೈಬಿಡದ ಹಿಡಿತ. ನೆನಪು ಮತ್ತು ಹಿಡಿತ ಸೇರಿಕೊಂಡು ನಡುವಿನವಳನ್ನು ಕೂರಿಸಿಬಿಟ್ಟಿವೆ. ಇವೆರಡೂ "ಉಳಿಸಿಕೊ" ಅನ್ನುವ ಕಡೆಯವೇ. "ಮಾರು" ಅನ್ನುವ ಕಡೆಗೆ ಇಡೀ ಸಾಲಿನಲ್ಲಿ ಒಂದು ಕಾರ್ಡೂ ಇಲ್ಲ. ಅವರು ಎರಡು ಆಯ್ಕೆ ಅಂತ ಹೇಳುತ್ತಿರಬಹುದು, ಸಾಲಿನಲ್ಲಿ ಕಾಣೋದು ಒಂದೇ.

ಪಟ್ಟಿ ಯಾವುದು? ಭೂಮಿ ಗಾಳಿಗೆ ವಿರೋಧವಾಗಿ ಕೂತಿರುವುದರಿಂದ ನಾನಾದರೆ ಕಾಗದ ಮತ್ತು ಲೆಕ್ಕದ ಕಡೆ ಹೋಗುತ್ತೇನೆ. ಕೇಳಬೇಕಾದ್ದು: ಖಾತೆ ಅವರ ಹೆಸರಿಗೆ ಆಗಿದೆಯೇ? ಅಣ್ಣತಮ್ಮ, ಅಕ್ಕತಂಗಿಯರ ಪಾಲು ಇತ್ಯರ್ಥವಾಗಿ ವಿಭಾಗಪತ್ರ ನೋಂದಣಿ ಆಗಿದೆಯೇ? ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದ್ದಾರೆಯೇ? ಬಾಡಿಗೆಗೆ ಕೊಡುವ ಮೊದಲು ಹೆಂಚು, ಜಂತೆ, ವೈರಿಂಗ್ ರಿಪೇರಿಗೆ ಎಷ್ಟಾಗುತ್ತದೆ ಅಂತ ಮೇಸ್ತ್ರಿಯನ್ನು ಕರೆದು ಕೇಳಿದ್ದಾರೆಯೇ? ನಾಲ್ಕರಲ್ಲಿ ಒಂದಕ್ಕಾದರೂ "ಇಲ್ಲ" ಬಂದರೆ ಪಟ್ಟಿಗೆ ಹೆಸರು ಸಿಕ್ಕಿತು. ನಾಲ್ಕಕ್ಕೂ "ಆಗಿದೆ" ಅಂದರೆ ಈ ಓದು ತಪ್ಪು ಅಂತ ಒಪ್ಪಿಕೊಂಡು ಸಿಕ್ಸ್ ಆಫ್ ಕಪ್ಸ್ ಕಡೆ ತಿರುಗಿ, ಲೆಕ್ಕ ಮುಗಿದಿದೆ, ಮನಸ್ಸು ಒಪ್ಪುತ್ತಿಲ್ಲ ಅಂತರ್ಥ.

ಹೊಸಎಲೆ
ಪಾಲಿನ ವಿಷಯ ಕೇಳಿಯೇ ಇರಲಿಲ್ಲ. ಕೇಳುತ್ತೇನೆ. ಇನ್ನೊಂದು: ಸ್ಪಷ್ಟವಾಗಲಿ ಅಂತ ಮೇಲೆ ಮತ್ತೆರಡು ಕಾರ್ಡ್ ತೆಗೆಯಬಹುದಿತ್ತೇ? ಮತ್ತೆ ಹಾಕಿದಾಗಲೂ ಟೂ ಆಫ್ ಸ್ವೋರ್ಡ್ಸೇ ಬಂದರೆ ಅದಕ್ಕೆ ವಿಶೇಷ ಅರ್ಥ ಇದೆಯೇ?

ಅಂಕಿಸಂಕಿ
ಅರ್ಥ ಹುಡುಕುವ ಮೊದಲು ಶಫಲ್ ನೋಡಿ. 78 ಎಲೆಯಲ್ಲಿ ಮೂರು ತೆಗೆದರೆ ಇಂಥದ್ದೇ ಒಂದು ಕಾರ್ಡ್ ಬರುವ ಸಾಧ್ಯತೆ 26ಕ್ಕೆ 1. ಆದರೆ ಚೆನ್ನಾಗಿ ಕಲಸಿ ಎರಡು ಸಲ ಮೂರು ಮೂರು ತೆಗೆದಾಗ ಮೊದಲ ಸಲದ್ದು ಯಾವುದಾದರೂ ಒಂದು ಮತ್ತೆ ಬರುವ ಸಾಧ್ಯತೆ ನೂರಕ್ಕೆ 11ರಷ್ಟಿದೆ. ಅದು ಅಪರೂಪವೇನಲ್ಲ. ಸರಿಯಾಗಿ ಕಲಸದಿದ್ದರೆ ಇನ್ನೂ ಹೆಚ್ಚು. ಈಗಷ್ಟೇ ಬಳಸಿದ ಮೂರನ್ನು ಕಟ್ಟಿನ ಮೇಲಿಟ್ಟು ನಾಲ್ಕು ಸಲ ಕೈಯಲ್ಲಿ ಹಾಗೆ ಹೀಗೆ ಎತ್ತಿ ಹಾಕಿದರೆ ಆ ಮೂರೂ ಗುಂಪಾಗಿಯೇ ಓಡಾಡುತ್ತಿರುತ್ತವೆ.

52 ಎಲೆಯ ಇಸ್ಪೀಟನ್ನು ಎರಡು ಭಾಗ ಮಾಡಿ ಅಂಚು ಸೇರಿಸಿ ಜರ್‌ರೆಂದು ಬಿಡುವ ಶಫಲ್ ಇದೆಯಲ್ಲ, ಅದನ್ನು ಸುಮಾರು 7 ಸಲ ಮಾಡಬೇಕು ಅಂತ ಗಣಿತಜ್ಞರು ತೋರಿಸಿದ್ದಾರೆ. 78ಕ್ಕೆ ಇನ್ನೊಂದೆರಡು ಸೇರಿಸಿಕೊಳ್ಳಿ. ಕೈಯಲ್ಲಿ ಹಿಡಿದು ಒಂದಿಷ್ಟೊಂದಿಷ್ಟೇ ಜಾರಿಸುವ ರೀತಿಗೆ ಅದರ ಎಷ್ಟೋ ಪಟ್ಟು ಬೇಕು. ಟ್ಯಾರೋ ಎಲೆ ಇಸ್ಪೀಟಿಗಿಂತ ದೊಡ್ಡದು, ಸಾಮಾನ್ಯವಾಗಿ 70 ಮಿಲಿಮೀಟರ್ ಅಗಲ, 120 ಉದ್ದ, ಬಾಗಿಸಿದರೆ ಅಂಚು ಸವೆಯುತ್ತದೆ. ಸುಲಭದ ದಾರಿ: ಬಟ್ಟೆ ಹಾಸಿ ಎಲ್ಲ ಎಲೆಗಳನ್ನು ಕವುಚಿ ಹರಡಿ, ಎರಡೂ ಅಂಗೈಯಿಂದ ಪೂರ್ತಿ ಒಂದು ನಿಮಿಷ ಕಲಸಿ, ಒಟ್ಟು ಮಾಡಿ. ಇದರಲ್ಲಿ ಎಲೆಗಳು ತಿರುಗಿ ರಿವರ್ಸ್ ಬರುತ್ತವೆ. ರಿವರ್ಸ್ ಓದುವುದಿಲ್ಲ ಅಂತಿದ್ದರೆ ತೆರೆದಾಗ ನೆಟ್ಟಗೆ ಮಾಡಿಕೊಳ್ಳಿ.

ಶರಾವತಿ ದಡ
ಮತ್ತೆರಡು ಕಾರ್ಡ್ ವಿಷಯಕ್ಕೆ: ಒಂದು ತೆಗೆಯಿರಿ, ತೆಗೆಯುವ ಮೊದಲೇ ಅದಕ್ಕೆ ಕೆಲಸ ಒಪ್ಪಿಸಿ, "ಪಟ್ಟಿ ಯಾವುದು?" ಅಂತ. ಕೆಲಸವಿಲ್ಲದೆ ತೆಗೆದ ಎರಡನೆಯದು, ಮೂರನೆಯದು ಬೇಕಾದ ಉತ್ತರ ಸಿಗುವವರೆಗೂ ತೆಗೆಯುತ್ತಾ ಹೋಗುವ ಚಟಕ್ಕೆ ದಾರಿ.

ಎರಡು ದಾರಿಯ ಪ್ರಶ್ನೆಗೆ ಮೂರು ಕಾರ್ಡಿನ ಸಾಲು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಈ ಕಾರ್ಡಿನ ಚಿತ್ರವನ್ನೇ ಸ್ಪ್ರೆಡ್ (ಎಲೆ ಹಾಸುವ ಕ್ರಮ) ಮಾಡಿಕೊಳ್ಳಬಹುದು. ಟೂ ಆಫ್ ಸ್ವೋರ್ಡ್ಸನ್ನು ಬೇಕೆಂದೇ ಡೆಕ್ಕಿನಿಂದ ತೆಗೆದು ನಡುವೆ ತೆರೆದಿಡಿ. ಉಳಿದ 77 ಕಲಸಿ. ಶಫಲ್ ಶುರು ಮಾಡುವ ಮೊದಲೇ ಯಾವ ಕತ್ತಿ ಯಾವ ಆಯ್ಕೆ ಅಂತ ಚೀಟಿಯಲ್ಲಿ ಬರೆದು ಎಡಕ್ಕೊಂದು, ಬಲಕ್ಕೊಂದು ಇಡಿ. ಇದನ್ನು ಬಿಟ್ಟರೆ ಒಳ್ಳೆಯ ಕಾರ್ಡ್ ಬಂದ ಕಡೆಗೆ ಮನಸ್ಸಿನಲ್ಲಿದ್ದ ಆಯ್ಕೆ ತಾನಾಗಿ ಜರುಗಿಬಿಡುತ್ತದೆ, ಓದುವವರಿಗೇ ಗೊತ್ತಾಗುವುದಿಲ್ಲ. ಮೊದಲ ಎಲೆ ಎಡಗತ್ತಿಗೆ: ಈ ದಾರಿ ಹಿಡಿದರೆ ಏನು ಹೊರಬೇಕು. ಎರಡನೆಯದು ಬಲಗತ್ತಿಗೆ, ಅದೇ ಪ್ರಶ್ನೆ. ಮೂರನೆಯದು ತಲೆಯ ಮೇಲೆ, ಪಟ್ಟಿ: ನೋಡದೆ ಬಿಟ್ಟ ಸಂಗತಿ. ನಾಲ್ಕನೆಯದು ಕೆಳಗೆ, ಬೆನ್ನ ಹಿಂದಿನ ಸಮುದ್ರ: ಹೇಳದೆ ಇಟ್ಟ ಭಾವನೆ. ಐದನೆಯದು ಮೇಲೆ ಬಲತುದಿಯಲ್ಲಿ, ಚಂದ್ರ: ಕಾಲ ಕಳೆದ ಹಾಗೆ ಬದಲಾಗುವ ಒಂದು ಅಂಶ.

ಓದುವಾಗ ಮೂರನೆಯದನ್ನು ಮೊದಲು ಓದಿ, ಆಮೇಲೆ ನಾಲ್ಕು, ಕತ್ತಿಗಳು ಕೊನೆಗೆ. ಹೆಚ್ಚಿನವರು ಎಡವೋದು ಇಲ್ಲೇ. ಎಡಕ್ಕೆ ಸನ್, ಬಲಕ್ಕೆ ಟವರ್ ಬಂತು ಅಂದರೆ ಅಲ್ಲಿಗೇ ಓದು ನಿಲ್ಲಿಸಿ ಎಡಕ್ಕೆ ಕೈ ತೋರಿಸುತ್ತಾರೆ. ಆ ಜಾಗಗಳ ಪ್ರಶ್ನೆ "ಏನು ಹೊರಬೇಕು" ಅಂತಿತ್ತು, "ಚೆನ್ನಾಗಿದೆಯೇ" ಅಂತಲ್ಲ. ಸನ್ ಅಂದರೆ ಎಲ್ಲವೂ ಬಯಲಿಗೆ ಬರುತ್ತದೆ, ಮುಚ್ಚಿಡಲು ಆಗುವುದಿಲ್ಲ. ಗುಟ್ಟಾಗಿ ಆಗಬೇಕಾದ ವ್ಯವಹಾರಕ್ಕೆ ಅದೇ ಭಾರ.

ಬಯಲುಸೀಮಿ
ಮೂರನೇ ಜಾಗಾಕ್ಕ ಮೂನ್ ಬಂದ್ರ ಸಹಿ ಗಿಹಿ ಮಾಡಬ್ಯಾಡ್ರಿ ಅಂತ ಹೇಳೋದು ರೂಢಿ. ಹೈ ಪ್ರೀಸ್ಟೆಸ್ ಬಂದ್ರ ಯಾರೋ ಒಬ್ಬರಿಗೆ ಗೊತ್ತದ, ಇನ್ನೂ ಕೇಳಿಲ್ಲ. ಏಸ್ ಆಫ್ ಸ್ವೋರ್ಡ್ಸ್ ಬಂದ್ರ ಒಂದ ಕಾಗದ, ಒಂದ ಫೋನು, ಅಷ್ಟರಾಗ ಗಂಟು ಬಿಚ್ಚತದ. ನೈಟ್ ಆಫ್ ಸ್ವೋರ್ಡ್ಸ್ ಬಂದ್ರ ಅವಸರಾನ ಪಟ್ಟಿ.

ಹೊಸಎಲೆ
ತಲೆಕೆಳಗಾಗಿ ಬಂದರೆ? ಕೆಲವರು "ಬಿಕ್ಕಟ್ಟು ಬಿಡಿಸಿತು" ಅನ್ನುತ್ತಾರೆ, ಕೆಲವರು "ಮೋಸ" ಅನ್ನುತ್ತಾರೆ. ಎರಡು ಒಟ್ಟಿಗೆ ಹೇಗೆ?

ಮಾರ್ಸೇ ಪ್ರಿಯ
ಮೋಸ ವೇಯ್ಟ್ ಕೊಟ್ಟದ್ದು, ಬಿಡಿಸಿತು ಅನ್ನೋದು ಈಚಿನದು. ಚಿತ್ರ ತಿರುಗಿಸಿ ನೋಡಿದರೆ ಎರಡೂ ಒಂದೇ ಕಡೆಯಿಂದ ಹೊರಡುತ್ತವೆ: ಕತ್ತಿ ಕೆಳಮುಖ, ಸಮತೋಲ ಉಳಿಯೋದಿಲ್ಲ. ತಾನಾಗಿ ಇಳಿಸಿದರೆ ಬಿಡುಗಡೆ, ಜಾರಿ ಬಿದ್ದರೆ ಮುಚ್ಚಿಟ್ಟಿದ್ದು ಹೊರಗೆ ಬಂದ ಹಾಗೆ. ಯಾವುದು ಅಂತ ಪಕ್ಕದ ಕಾರ್ಡ್ ಹೇಳಬೇಕು. ಸೆವೆನ್ ಆಫ್ ಸ್ವೋರ್ಡ್ಸ್ ಪಕ್ಕದಲ್ಲಿದ್ದರೆ ಎರಡು ಕಡೆಯೂ ಹೂಂ ಅಂದುಕೊಂಡು ಬಂದವರ ಕಥೆ. ಅಂದಹಾಗೆ ಸೆಲ್ಟಿಕ್ ಕ್ರಾಸ್ ಎಂಬ ಹತ್ತು ಎಲೆಯ ಸ್ಪ್ರೆಡ್ಡಿನಲ್ಲಿ ಎರಡನೇ ಎಲೆ ಅಡ್ಡಲಾಗಿ ಬೀಳುತ್ತದೆ, ಅಲ್ಲಿ ರಿವರ್ಸ್ ಪ್ರಶ್ನೆಯೇ ಇಲ್ಲ. ಟೂ ಆಫ್ ಸ್ವೋರ್ಡ್ಸ್ ಅಲ್ಲಿ ಬಂದರೆ ಅಡ್ಡಿ ಹೊರಗಿನದಲ್ಲ, ತೀರ್ಮಾನ ಮಾಡದೆ ಇರುವುದೇ ಅಡ್ಡಿ. ಸಲಹೆಯ ಜಾಗದಲ್ಲಿ ಬಂದರೆ ಮಾತ್ರ ಹಳೆಯ ಅರ್ಥಕ್ಕೆ ಮರಳಿ: ಸದ್ಯಕ್ಕೆ ಕದನವಿರಾಮ ಕಾಪಾಡಿ, ಎರಡೂ ಕಡೆ ಮುರಿದುಕೊಳ್ಳಬೇಡಿ.

ಅಂಕಿಸಂಕಿ
ಹಾಗಾದರೆ ಆಯ್ಕೆಯ ಕಾರ್ಡ್ ಅಂತ ಎಲ್ಲರೂ ಹೇಳೋ ಲವರ್ಸ್‌ಗೂ ಇದಕ್ಕೂ ಏನು ವ್ಯತ್ಯಾಸ?

ಮಾರ್ಸೇ ಪ್ರಿಯ
ಲವರ್ಸ್ ಆಯ್ಕೆಯ ಕಾರ್ಡ್ ಆಗಿರೋದು ಮಾರ್ಸೇ ಕಡೆಯಿಂದ. ಅಲ್ಲಿ ಇಬ್ಬರು ಹೆಂಗಸರ ನಡುವೆ ಒಬ್ಬ ಯುವಕ, ಮೇಲೆ ಬಾಣ ಹೂಡಿದ ಕ್ಯುಪಿಡ್. ವೇಯ್ಟ್ ಅದನ್ನು ತೆಗೆದು ಆಡಂ ಮತ್ತು ಈವ್, ಮೇಲೊಬ್ಬ ದೇವದೂತನನ್ನು ತಂದರು. ಆಯ್ಕೆಯ ಅರ್ಥ ಮಾತ್ರ ಹಳೇ ಚಿತ್ರದಿಂದ ಅಂಟಿಕೊಂಡೇ ಬಂತು. ಲವರ್ಸ್‌ನಲ್ಲಿ ಕಣ್ಣು ತೆರೆದಿದೆ, ಪ್ರಶ್ನೆ ಮೌಲ್ಯದ್ದು. ಸೆವೆನ್ ಆಫ್ ಕಪ್ಸ್‌ನಲ್ಲಿ ಮೋಡದ ಮೇಲೆ ಏಳು ಬಟ್ಟಲು, ಕೋಟೆ, ಒಡವೆ, ಹಾವು, ಡ್ರ್ಯಾಗನ್, ಆಯ್ಕೆ ಜಾಸ್ತಿಯಾಗಿ ಯಾವುದೂ ಕೈಗೆ ಸಿಗದ ಸ್ಥಿತಿ. ಟೂ ಆಫ್ ಪೆಂಟಕಲ್ಸ್‌ನವನು ಎರಡನ್ನೂ ಆಡಿಸುತ್ತಿದ್ದಾನೆ, ಅವನಿಗೆ ಆಯ್ಕೆಯೇ ಬೇಕಿಲ್ಲ. ಟೂ ಆಫ್ ವಾಂಡ್ಸ್‌ನವನ ಕೈಯಲ್ಲಿ ಭೂಗೋಳ, ತೀರ್ಮಾನ ಅರ್ಧ ಆಗಿಹೋಗಿದೆ, ಹೊರಟಿಲ್ಲ ಅಷ್ಟೇ.

ನಿರ್ವಾಹಕ
ಎರಡು ಮಾತು. ಹೌದು ಅಲ್ಲ ಪ್ರಶ್ನೆಗೆ ಈ ಕಾರ್ಡ್ ಬಂದರೆ "ಈಗ ಉತ್ತರವಿಲ್ಲ" ಅಂತ ನೇರ ಹೇಳಿ. ಹೂ ಪ್ರಸಾದ ಕೇಳಿ ರೂಢಿಯಾದ ನಮ್ಮ ಜನ ಎಡವೋ ಬಲವೋ ಅಂತ ಒತ್ತಾಯಿಸುತ್ತಾರೆ, ಆದರೂ ಬಲಗೈಯ ಕತ್ತಿ ತೋರಿಸಿ ಹೌದು ಅನ್ನಬೇಡಿ. ಆಪರೇಷನ್ ಮಾಡಿಸಲೋ ಬೇಡವೋ, ಔಷಧ ನಿಲ್ಲಿಸಲೋ, ಕೇಸು ಹಾಕಲೋ ಅನ್ನುವ ಪ್ರಶ್ನೆಗಳಿಗೆ ಇಲ್ಲಿ ರೀಡಿಂಗ್ ಬೇಡ, ಡಾಕ್ಟರ್ ಅಥವಾ ವಕೀಲರ ಹತ್ತಿರ ಕಳಿಸಿ.

ಹೊಸಎಲೆ
ಕೊನೆಯದು. ಆ ಐದು ಕಾರ್ಡಿನ ಸ್ಪ್ರೆಡ್ಡನ್ನು 22 ಮೇಜರ್ ಮಾತ್ರ ಇಟ್ಟುಕೊಂಡು ಮಾಡಬಹುದೇ? 56 ಮೈನರ್ (ಕತ್ತಿ, ಬಟ್ಟಲು ಮುಂತಾದ ನಾಲ್ಕು ಗುಂಪಿನ ಎಲೆಗಳು) ಇನ್ನೂ ಪೂರ್ತಿ ಬಾಯಿಗೆ ಬಂದಿಲ್ಲ.

ಶರಾವತಿ ದಡ
ಮಾಡಬಹುದು, ಆದರೆ ಮನೆ ಬಾಡಿಗೆಯ ಪ್ರಶ್ನೆಗೆ ಐದೂ ಜಾಗದಲ್ಲಿ ಡೆತ್, ಟವರ್, ಜಡ್ಜ್‌ಮೆಂಟ್ ಕೂತರೆ ರಿಪೇರಿ ಖರ್ಚಿನ ಮಾತು ಎಲ್ಲಿಂದ ತೆಗೆಯುತ್ತೀರಿ? ಮೇಜರ್‌ಗಳಲ್ಲಿ ಮೇಸ್ತ್ರಿಗೂ ಕಾಗದಪತ್ರಕ್ಕೂ ಜಾಗ ಕಡಿಮೆ. ಅದರ ಬದಲು ಕೋರ್ಟ್ ಕಾರ್ಡ್ (ರಾಜ, ರಾಣಿ, ನೈಟ್, ಪೇಜ್) 16 ಪಕ್ಕಕ್ಕಿಡಿ, ಹೊಸಬರಿಗೆ ತೊಡಕಾಗೋದು ಅವೇ. ಉಳಿದ 62ರಲ್ಲಿ ಟೂ ಆಫ್ ಸ್ವೋರ್ಡ್ಸ್ ನಡುವೆ ಹೋದರೆ ಕಲಸಲು 61. ಮೈನರ್‌ಗೆ ಒಂದರಿಂದ ಹತ್ತರವರೆಗಿನ ಸಂಖ್ಯೆಯ ಗುಣ ಮತ್ತು ನಾಲ್ಕು ಧಾತು ಗೊತ್ತಿದ್ದರೆ ಶುರು ಮಾಡೋಕೆ ಸಾಕು. ಪಾಲಿನ ಪ್ರಶ್ನೆಗೆ ಅವರು ಏನಂದರು ಅಂತ ತಿಳಿದ ಮೇಲೆ ಹಾಕಿ. ಮೊದಲೇ ಹಾಕಿದರೆ ಮೂರನೇ ಜಾಗದಲ್ಲಿ ಏನು ಬಂದರೂ ವಿಭಾಗಪತ್ರವೇ ಕಾಣುತ್ತದೆ.